ಅಮೆರಿಕದ ಸಂಬಳ, ಮುಂಬೈಯ ಕೋರ್ಟು: ಸ್ಟೆನೊ ಆಗುತ್ತೇನೆ ಎನ್ನುವ ಮಗಳಿಗೆ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಡೊಂಬಿವಲಿಯಲ್ಲಿ ಮನೆ. ನಮ್ಮ ಮಾವ ಮುಂಬೈಯ ಫೋರ್ಟಿನ ಒಂದು ಕಂಪನಿಯಲ್ಲಿ ಸ್ಟೆನೊ ಆಗಿದ್ದರು. ಮಗಳು ಬಿ.ಕಾಂ. ಮುಗಿಸಿದ್ದಾಳೆ, ಟೈಪಿಂಗ್ ಸ್ಪೀಡ್ ಚೆನ್ನಾಗಿದೆ. ಅಮೆರಿಕದ ಕೋರ್ಟ್ ರಿಪೋರ್ಟರುಗಳ (ಕೋರ್ಟಿನಲ್ಲಿ ಆಡಿದ ಮಾತನ್ನೆಲ್ಲ ಬರೆದುಕೊಳ್ಳುವವರು) ವಿಡಿಯೊ ನೋಡಿ ತಾನೂ ಅದೇ ಆಗುತ್ತೇನೆ ಅಂತಾಳೆ. ವರ್ಷಕ್ಕೆ ಐವತ್ತು ಲಕ್ಷದ ಮೇಲೆ ಸಿಗುತ್ತದಂತೆ. ಒಂದು ಸಂಸ್ಥೆಯವರು ‘ಇಂಟರ್‌ನ್ಯಾಷನಲ್ ಕೋರ್ಟ್ ರಿಪೋರ್ಟಿಂಗ್ ಮತ್ತು ಲೈವ್ ಕ್ಯಾಪ್ಷನಿಂಗ್’ ಕೋರ್ಸಿಗೆ 85,000 ರೂಪಾಯಿ ಕೇಳುತ್ತಿದ್ದಾರೆ. ಇಲ್ಲಿ ಈ ಕೆಲಸ ಇದೆಯಾ? ಸಂಬಳ ಎಷ್ಟು? ಯಾರೆಲ್ಲ ಮಾಡುತ್ತಾರೆ? ಎಐ ಬಂದ ಮೇಲೆ ಉಳಿಯುತ್ತದಾ?

ಉತ್ತರ: ಮೊದಲು ಆ ಐವತ್ತು ಲಕ್ಷದ ವಿಷಯ ಮುಗಿಸಿಬಿಡೋಣ. ಮಗಳು ನೋಡಿದ್ದು ಸುಳ್ಳಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ತಿಂಗಳ ಲೆಕ್ಕದಲ್ಲಿ ಕೋರ್ಟ್ ರಿಪೋರ್ಟರ್ ಮತ್ತು ಲೈವ್ ಕ್ಯಾಪ್ಷನರುಗಳ (ಮಾತನ್ನು ಆಗಿಂದಾಗಲೇ ಪರದೆಯ ಮೇಲೆ ಅಕ್ಷರ ಮಾಡುವವರು) ನಡುಮಟ್ಟದ ವಾರ್ಷಿಕ ಸಂಬಳ 67,310 ಡಾಲರ್. ಅರ್ಧದಷ್ಟು ಜನಕ್ಕೆ ಅದಕ್ಕಿಂತ ಜಾಸ್ತಿ, ಉಳಿದರ್ಧಕ್ಕೆ ಕಡಿಮೆ. ಇಡೀ ದೇಶದಲ್ಲಿ ಈ ಕೆಲಸದಲ್ಲಿರುವವರು ಇಪ್ಪತ್ತು ಸಾವಿರದ ಆಸುಪಾಸು ಮಾತ್ರ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಸರಾಸರಿ ವಯಸ್ಸು ಐವತ್ತು ದಾಟಿದೆ. ಹಳಬರು ನಿವೃತ್ತರಾಗುತ್ತಿದ್ದಾರೆ, ಕಲಿಸುವ ಶಾಲೆಗಳು ಒಂದೊಂದಾಗಿ ಮುಚ್ಚಿವೆ, ಹೊಸಬರು ಸಾಕಷ್ಟು ಬರುತ್ತಿಲ್ಲ. ಸಂಬಳ ಏರಿರುವುದಕ್ಕೆ ಈ ಕೊರತೆಯೂ ಒಂದು ಕಾರಣ.

ಆದರೆ ಅವರು ಮಾಡುವ ಕೆಲಸವೇ ಬೇರೆ. ಅವರ ಮುಂದೆ ಇರುವುದು 22 ಕೀಲಿಯ ಸಣ್ಣ ಸ್ಟೆನೊ ಯಂತ್ರ. ಹಾರ್ಮೋನಿಯಮ್‌ನಲ್ಲಿ ಹಲವು ಮನೆ ಒಟ್ಟಿಗೆ ಒತ್ತಿದ ಹಾಗೆ ಕೀಲಿಗಳನ್ನು ಒಟ್ಟಿಗೆ ಒತ್ತುತ್ತಾರೆ. ಒಂದು ಏಟಿಗೆ ಒಂದು ಉಚ್ಚಾರ, ಕೆಲವೊಮ್ಮೆ ಒಂದು ಪೂರ್ತಿ ಪದಗುಚ್ಛ. ಅಲ್ಲಿನ ರಾಷ್ಟ್ರೀಯ ಸಂಘದ ಮುಖ್ಯ ಪರೀಕ್ಷೆ ಪಾಸಾಗಲು ಪ್ರಶ್ನೋತ್ತರವನ್ನು ನಿಮಿಷಕ್ಕೆ 225 ಪದದ ವೇಗದಲ್ಲಿ, ನೂರಕ್ಕೆ 95ರಷ್ಟು ಸರಿಯಾಗಿ ಬರೆಯಬೇಕು. ಯಾಕೆ ಅಷ್ಟು ವೇಗ? ವಕೀಲ ಕೇಳಿದ್ದು, ಸಾಕ್ಷಿ ಹೇಳಿದ್ದು, ನಡುವೆ ಇನ್ನೊಬ್ಬ ವಕೀಲ ‘ಅಬ್ಜೆಕ್ಷನ್’ ಅಂದದ್ದು, ಎಲ್ಲವೂ ಅಕ್ಷರಕ್ಕೆ ಅಕ್ಷರ ದಾಖಲಾಗಬೇಕು ಎನ್ನುವುದು ಅಲ್ಲಿನ ಪದ್ಧತಿ.

ನಮ್ಮಲ್ಲಿ ಹಾಗಿಲ್ಲ. ಹಳೆಯ ಸಿಆರ್‌ಪಿಸಿ, ಅಂದರೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 276ನೇ ಕಲಮಿನಲ್ಲಿ ಬರೆದದ್ದೇ ಬೇರೆ. ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆಯನ್ನು ನ್ಯಾಯಾಧೀಶರು ತಾವೇ ಬರೆಯಬೇಕು, ಇಲ್ಲವೇ ತೆರೆದ ಕೋರ್ಟಿನಲ್ಲಿ ಹೇಳಿ ಬರೆಸಬೇಕು, ಅಥವಾ ತಮ್ಮ ಮೇಲ್ವಿಚಾರಣೆಯಲ್ಲಿ ಕೋರ್ಟಿನ ಅಧಿಕಾರಿಯಿಂದ ಬರೆಸಬೇಕು. ಅದೂ ಸಾಮಾನ್ಯವಾಗಿ ಕಥನದ ರೂಪದಲ್ಲಿ. ಬೇಕೆನಿಸಿದರೆ ಮಾತ್ರ ಪ್ರಶ್ನೋತ್ತರ. 2024ರ ಜುಲೈ 1ರಿಂದ ಹೊಸ ಕಾನೂನು ಬಂದರೂ ಈ ಪದ್ಧತಿ ಹಾಗೇ ಮುಂದುವರಿದಿದೆ. ಅಂದರೆ ಸಾಕ್ಷಿ ಹತ್ತು ವಾಕ್ಯ ಹೇಳುತ್ತಾನೆ. ನ್ಯಾಯಾಧೀಶರು ಅದನ್ನು ಕೇಳಿ, ‘ನಾನು ಆ ದಿನ ಅಂಗಡಿಯಲ್ಲಿದ್ದೆ ಎನ್ನುವುದು ನಿಜ’ ಅಂತ ಒಂದು ವಾಕ್ಯ ಮಾಡಿ ಹೇಳುತ್ತಾರೆ. ಬರೆಯುವವರ ಕೈಗೆ ಬರುವುದು ಆ ಒಂದು ವಾಕ್ಯ.

ಇದು ಗೊತ್ತಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ನಮ್ಮ ಕೋರ್ಟಿನ ಸ್ಟೆನೊ ಬರೆಯುವುದು ನ್ಯಾಯಾಧೀಶರ ಮಾತು. ಹೇಳಿಕೆ, ಆದೇಶ, ತೀರ್ಪು, ಎಲ್ಲ ಅವರ ಬಾಯಿಂದ ಬಂದದ್ದು. ಯೋಚಿಸುತ್ತ ಮಾತಾಡುವವರ ಮಾತು ಅದು. ಹಾಗಾಗಿ ನಿಮಿಷಕ್ಕೆ ನೂರು, ನೂರಿಪ್ಪತ್ತು ಪದದ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಸಾಕಾಗುತ್ತದೆ. ಐಸಾಕ್ ಪಿಟ್‌ಮನ್ 1837ರಲ್ಲಿ ತಂದ ಆ ಗೆರೆಗಳೇ ಇವತ್ತಿಗೂ ಇಲ್ಲಿ ನಡೆಯುತ್ತಿವೆ. ಸ್ಟೆನೊ ಯಂತ್ರ ಕಲಿತವರನ್ನು ಕೇಳುವ ಒಂದೇ ಒಂದು ಕೋರ್ಟ್ ಜಾಹೀರಾತನ್ನು ನಾನು ಮುಂಬೈಯಲ್ಲಾಗಲಿ ಪುಣೆಯಲ್ಲಾಗಲಿ ನೋಡಿಲ್ಲ. ಕೋರ್ಟಿನಲ್ಲಿ ಸ್ಟೆನೊ ಆಗಿದ್ದು, ಈಗ ಶಾರ್ಟ್‌ಹ್ಯಾಂಡ್ ಕಲಿಸುತ್ತಿರುವವನಾಗಿ ಹೇಳುತ್ತಿದ್ದೇನೆ.

ಈಗ ಇಲ್ಲಿನ ಸಂಬಳ. ಜಿಲ್ಲಾ ಕೋರ್ಟುಗಳಿಂದ ಶುರು ಮಾಡೋಣ. 2023ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ಮಹಾರಾಷ್ಟ್ರದ ಜಿಲ್ಲಾ ಕೋರ್ಟುಗಳಿಗೆ 4,629 ಹುದ್ದೆಗಳ ಭರ್ತಿ ಕರೆಯಿತು. ಅದರಲ್ಲಿ ಗ್ರೇಡ್ 3 ಸ್ಟೆನೊ ಹುದ್ದೆ 568. ಜೂನಿಯರ್ ಕ್ಲರ್ಕ್ ಹುದ್ದೆ 2,795. ಸ್ಟೆನೊ ಸಂಬಳದ ಶ್ರೇಣಿ 38,600ರಿಂದ 1,22,800. ಕ್ಲರ್ಕಿನದು 19,900ರಿಂದ 63,200. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶಾರ್ಟ್‌ಹ್ಯಾಂಡ್ ಎನ್ನುವ ಒಂದು ವಿದ್ಯೆಗೆ ಮೂಲ ಸಂಬಳ ಹೆಚ್ಚುಕಡಿಮೆ ಎರಡರಷ್ಟು. ಬಿ.ಕಾಂ. ಮುಗಿಸಿ ಕ್ಲರ್ಕ್ ಪರೀಕ್ಷೆಗೆ ಸಾವಿರಾರು ಜನರ ಜೊತೆ ಕೂರುವ ಮಕ್ಕಳಿಗೆ ನಾನು ಇದನ್ನೇ ತೋರಿಸುವುದು.

38,600ರ ಮೇಲೆ ತುಟ್ಟಿಭತ್ಯೆ ಅದರ ಅರ್ಧಕ್ಕಿಂತ ಜಾಸ್ತಿ ಬರುತ್ತದೆ. ಮುಂಬೈ, ಪುಣೆಯಂಥ ಊರಲ್ಲಿ ಮನೆಬಾಡಿಗೆ ಭತ್ಯೆಯ ದರವೂ ಹೆಚ್ಚು. ಎಲ್ಲ ಸೇರಿ ಮೊದಲ ತಿಂಗಳಿಂದಲೇ ಅರವತ್ತೈದು ಸಾವಿರ ದಾಟುತ್ತದೆ. ಅದರಲ್ಲಿ ಪಿಂಚಣಿ ಯೋಜನೆಗೆಂದು ಮೂಲ ಸಂಬಳ ಮತ್ತು ತುಟ್ಟಿಭತ್ಯೆಯ ನೂರಕ್ಕೆ ಹತ್ತು ಕಡಿತವಾಗುತ್ತದೆ. ವರ್ಷದ ಲೆಕ್ಕ ಹಾಕಿದರೆ ಏಳೆಂಟು ಲಕ್ಷ. ಐವತ್ತು ಲಕ್ಷ ಅಲ್ಲ. ಆದರೆ ಡೊಂಬಿವಲಿಯ ಮನೆಗೆ ಸಣ್ಣ ಮೊತ್ತವೂ ಅಲ್ಲ, ಅಲ್ವಾ?

ಹೈಕೋರ್ಟಿನಲ್ಲಿ ಇನ್ನೂ ಮೇಲೆ. ಅಲ್ಲಿ ಕೆಳ ಶ್ರೇಣಿಯ ಸ್ಟೆನೊ 49,100ರಿಂದ, ಮೇಲಿನ ಶ್ರೇಣಿಯವರು 56,100ರಿಂದ, ಪರ್ಸನಲ್ ಅಸಿಸ್ಟೆಂಟ್ 67,700ರಿಂದ ಶುರು ಮಾಡುತ್ತಾರೆ. ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ವೇಗ ಕ್ರಮವಾಗಿ ನಿಮಿಷಕ್ಕೆ 80, 100, 120 ಪದ ಬೇಕು. ಇಪ್ಪತ್ತು ಪದ ಹೆಚ್ಚಾದರೆ ಮೂಲ ಸಂಬಳದಲ್ಲಿ ಏಳರಿಂದ ಹನ್ನೊಂದೂವರೆ ಸಾವಿರ ಹೆಚ್ಚು. ಬೇರೆ ಯಾವ ಕೆಲಸದಲ್ಲೂ ಇಷ್ಟು ನೇರ ಲೆಕ್ಕ ಇರಲಿಕ್ಕಿಲ್ಲ. ಕಾನೂನು ಪದವಿ ಇದ್ದವರಿಗೆ ಆದ್ಯತೆ ಎಂದು ಜಾಹೀರಾತಿನಲ್ಲೇ ಇರುತ್ತದೆ. ಮಗಳಿಗೆ ಮನಸ್ಸಿದ್ದರೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿಕೊಂಡು ಜೊತೆಗೇ ಶಾರ್ಟ್‌ಹ್ಯಾಂಡ್ ಕಲಿಯಬಹುದು. ಈ ಹುದ್ದೆಯವರ ಸಂಬಳ ಇಷ್ಟಾದರೂ ಏರಿದ್ದರ ಹಿಂದೆ ಒಬ್ಬ ಕನ್ನಡಿಗರೂ ಇದ್ದಾರೆ. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ವೇತನ ಆಯೋಗ ನ್ಯಾಯಾಧೀಶರ ಸಂಬಳದ ಜೊತೆಗೆ ಕೆಳಕೋರ್ಟುಗಳ ನೌಕರರ ಬಗ್ಗೆಯೂ ಶಿಫಾರಸು ಮಾಡಿತ್ತು. ಹಳೆಯ ಸ್ಟೆನೊಗಳು ಈಗಲೂ ‘ಶೆಟ್ಟಿ ಕಮಿಷನ್’ ಅಂತ ಗೌರವದಿಂದ ಹೇಳುತ್ತಾರೆ.

ಇನ್ನು ಮುಖ್ಯ ತೊಡಕು. ನೀವು ಕೇಳಿಲ್ಲ, ಆದರೆ ನಮ್ಮ ಮಕ್ಕಳು ಎಡವುವುದು ಇಲ್ಲೇ. ಜಿಲ್ಲಾ ಕೋರ್ಟಿನ ಸ್ಟೆನೊ ಹುದ್ದೆಗೆ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ 100, ಟೈಪಿಂಗ್ 40 ಬೇಕು. ಅದರ ಜೊತೆಗೇ ಮರಾಠಿ ಶಾರ್ಟ್‌ಹ್ಯಾಂಡ್ 80, ಮರಾಠಿ ಟೈಪಿಂಗ್ 30 ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅರ್ಜಿಯೇ ನಡೆಯುವುದಿಲ್ಲ. ಡೊಂಬಿವಲಿಯಲ್ಲಿ ಬೆಳೆದ ಹುಡುಗಿಗೆ ಮರಾಠಿ ಮಾತು ನೀರು ಕುಡಿದಷ್ಟು ಸಲೀಸು ಇರಬಹುದು. ಆದರೆ ಕೋರ್ಟಿನ ಮರಾಠಿ ರೈಲಿನ ಮರಾಠಿ ಅಲ್ಲ. ಫಿರ್ಯಾದಿ, ಉಲಟತಪಾಸಣಿ, ದೋಷಾರೋಪಪತ್ರ, ಜಬಾಬ್ ಇವೆಲ್ಲ ಕಿವಿಗೆ ಬಿದ್ದ ಕೂಡಲೇ ಕೈಯಿಂದ ಗೆರೆಯಾಗಿ ಇಳಿಯಬೇಕು. ಆಮೇಲೆ ದೇವನಾಗರಿಯಲ್ಲಿ ಹ್ರಸ್ವ ದೀರ್ಘ ತಪ್ಪದೆ ಟೈಪ್ ಆಗಬೇಕು. ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ಮಕ್ಕಳು ಇಲ್ಲಿ ಬೇಗ ಮುಂದೆ ಹೋಗುತ್ತಾರೆ. ಫಿರ್ಯಾದಿ, ಪಂಚನಾಮೆ ಅವರ ಮನೆಮಾತಿನಲ್ಲೇ ಇದೆ. ಕರಾವಳಿಯವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಊರಲ್ಲಿ ಯಾರಾದರೂ ಕನ್ನಡ ಶಾರ್ಟ್‌ಹ್ಯಾಂಡ್ ಸೀನಿಯರ್ ಮಾಡಿಕೊಂಡು ಮುಂಬೈಗೆ ಬರುತ್ತೇನೆ ಅಂದರೆ ತಡೆಯಿರಿ. ಆ ಸರ್ಟಿಫಿಕೇಟಿಗೆ ಕರ್ನಾಟಕದ ಕೋರ್ಟು, ಕಚೇರಿಗಳಲ್ಲಿ ಬೆಲೆ ಇದೆ. ಇಲ್ಲಿ ಬೇಕಾದದ್ದು ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಜಿಸಿಸಿ (ಸರ್ಕಾರಿ ವಾಣಿಜ್ಯ ಪ್ರಮಾಣಪತ್ರ) ಪರೀಕ್ಷೆಯದು. ಇನ್ನೊಂದು ಮಾತು. ಕೋರ್ಟಿನ ಜೊತೆಗೆ ರಾಜ್ಯ ಸರ್ಕಾರದ ಇಲಾಖೆಗಳ ‘ಲಘುಲೇಖಕ’ ಹುದ್ದೆಗಳಿಗೂ ಅರ್ಜಿ ಹಾಕಬಹುದು. ಅಲ್ಲಿ ಹೆಂಗಸರಿಗೆ ನೂರಕ್ಕೆ 30 ಮೀಸಲು ಇದೆ. ಆದರೆ ಕರ್ನಾಟಕದ ಜಾತಿ ಪ್ರಮಾಣಪತ್ರ ಹಿಡಿದುಕೊಂಡು ಮಹಾರಾಷ್ಟ್ರದಲ್ಲಿ ಜಾತಿ ಮೀಸಲಾತಿ ಕೇಳಲಾಗುವುದಿಲ್ಲ. ವಲಸೆ ಬಂದವರ ಬಗ್ಗೆ ಸುಪ್ರೀಂ ಕೋರ್ಟು 1990ರಲ್ಲೂ 1994ರಲ್ಲೂ ಇದನ್ನೇ ಹೇಳಿದೆ. ಸಾಮಾನ್ಯ ವರ್ಗದಲ್ಲಿ ಹಾಕಬೇಕು ಎಂದುಕೊಂಡೇ ತಯಾರಿ ಮಾಡಿ.

ಗೋವಾದ ವಿಷಯ ಬೇಗ ಮುಗಿಯುತ್ತದೆ. ಪರ್ವರಿಯಲ್ಲಿ ಹೈಕೋರ್ಟಿನ ಪೀಠ ಇದೆ. ಗೋವಾ ಸರ್ಕಾರದ ಜೂನಿಯರ್ ಸ್ಟೆನೊಗ್ರಾಫರ್ ಹುದ್ದೆಗೆ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ 100, ಟೈಪಿಂಗ್ 35, ಸಂಬಳ 25,500ರಿಂದ ಶುರು. ಆದರೆ ಕೊಂಕಣಿ ಕಡ್ಡಾಯ, ಹದಿನೈದು ವರ್ಷದ ವಾಸದ ಪ್ರಮಾಣಪತ್ರವೂ ಕಡ್ಡಾಯ. ವಾಸ್ಕೊ, ಮಡಗಾಂವ್‌ನಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಒಳ್ಳೆಯ ದಾರಿ. ಮುಂಬೈಯಿಂದ ಹೋಗುವವರಿಗೆ ಅಲ್ಲ.

ಯಾರು ಈ ಕೆಲಸ ಮಾಡುತ್ತಾರೆ ಎಂದು ಕೇಳಿದ್ದೀರಿ. ನಿಮ್ಮ ಮಾವನ ಕಾಲದಲ್ಲಿ ಉತ್ತರ ಸುಲಭವಿತ್ತು. ದಕ್ಷಿಣದ ಗಂಡಸರು. ತಮಿಳರು, ಪಾಲಕ್ಕಾಡಿನವರು, ಮಂಗಳೂರು ಉಡುಪಿಯವರು. ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಮೆಟ್ರಿಕ್ ಮಾಡಿ, ಆಮೇಲೆ ಮಾಟುಂಗಾ ದಾದರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಿಟ್‌ಮನ್ ತಿದ್ದಿ ಫೋರ್ಟಿನ ಕಂಪನಿ ಸೇರಿದವರು ಎಷ್ಟು ಜನ! 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ಬಿದ್ದದ್ದೇ ದಕ್ಷಿಣದವರು ತುಂಬಿದ್ದ ಈ ಕ್ಲರ್ಕ್, ಸ್ಟೆನೊ ಕುರ್ಚಿಗಳ ಮೇಲೆ. ಈಗ ಆ ಕುರ್ಚಿಗಳೇ ಇಲ್ಲ. ಕಂಪನಿಯ ಸಾಹೇಬರು ತಮ್ಮ ಮೇಲ್ ತಾವೇ ಬರೆಯುತ್ತಾರೆ. ಖಾಸಗಿ ಸ್ಟೆನೊ ಎನ್ನುವ ಕೆಲಸ ಕಂಪ್ಯೂಟರ್ ಬಂದಾಗಲೇ ಹೋಯಿತು. ಉಳಿದದ್ದು ಸರ್ಕಾರ, ಕೋರ್ಟು, ವಿಧಾನಸಭೆ. ಅಲ್ಲಿ ಮರಾಠಿ ಬೇಕು. ಹಾಗಾಗಿ ಈಗಿನ ಕ್ಲಾಸುಗಳಲ್ಲಿ ಹೆಚ್ಚಿನವರು ಮರಾಠಿ ಮಾಧ್ಯಮದಲ್ಲಿ ಓದಿದ ಮಕ್ಕಳು. ಸಾತಾರಾ, ಸೊಲ್ಲಾಪುರ, ಬೀಡ್‌ನಿಂದ ಪುಣೆಗೆ ಬಂದು ಪೇಯಿಂಗ್ ಗೆಸ್ಟ್ ಆಗಿ ಇದ್ದು ತಯಾರಿ ಮಾಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಅಮೆರಿಕದ ಹಾಗೆ ಇಲ್ಲಿ ಈ ಕಸುಬಿಗೆ ವಯಸ್ಸಾಗಿಲ್ಲ. ಸರ್ಕಾರಿ ಕೆಲಸದ ಆಸೆ ಹೊಸಬರನ್ನು ತರುತ್ತಲೇ ಇದೆ. ಕೊರತೆ ಇರುವುದು ಅರ್ಜಿ ಹಾಕುವವರದ್ದಲ್ಲ, ಪರೀಕ್ಷೆಯ ದಿನ ಎರಡೂ ಭಾಷೆಯಲ್ಲಿ ವೇಗ ಮುಟ್ಟುವವರದ್ದು.

ಅಕ್ಷರಕ್ಕೆ ಅಕ್ಷರ ಬರೆಯುವ ಕೆಲಸ ನಮ್ಮಲ್ಲಿ ಎಲ್ಲೂ ಇಲ್ಲವೇ? ಎರಡು ಕಡೆ ಇದೆ. ಒಂದು ಶಾಸನಸಭೆಗಳಲ್ಲಿ. ಲೋಕಸಭೆಯ ರಿಪೋರ್ಟರ್ ಹುದ್ದೆಗೆ ನಿಮಿಷಕ್ಕೆ 160 ಪದ ಬೇಕು, ಸಂಬಳ 56,100ರಿಂದ. ಸರದಿಯ ಮೇಲೆ ಸದನದೊಳಗೆ ಹೋಗಿ ಕೆಲವೇ ನಿಮಿಷ ಬರೆದು ಹೊರಗೆ ಬರುತ್ತಾರೆ. ಹುದ್ದೆಗಳು ಬಹಳ ಕಡಿಮೆ. ಇನ್ನೊಂದು ಮುಂಬೈಯದ್ದೇ ಆದ ಆರ್ಬಿಟ್ರೇಷನ್ ಲೋಕ. ದೊಡ್ಡ ಕಂಪನಿಗಳ ಜಗಳ ಕೋರ್ಟಿಗೆ ಹೋಗದೆ ನಿವೃತ್ತ ನ್ಯಾಯಮೂರ್ತಿಗಳ ಮುಂದೆ ನಡೆಯುತ್ತದೆ. ಅಲ್ಲಿ ಪಾಟೀಸವಾಲು ಪ್ರಶ್ನೋತ್ತರವಾಗಿಯೇ ದಾಖಲಾಗಬೇಕು, ಪರದೆಯ ಮೇಲೆ ಅಲ್ಲೇ ಕಾಣಬೇಕು ಎನ್ನುವ ವಕೀಲರು ಹೆಚ್ಚು. 2015ರ ತಿದ್ದುಪಡಿಯಲ್ಲಿ ತೀರ್ಪಿಗೆ ಹನ್ನೆರಡು ತಿಂಗಳ ಗಡುವು ಬಂದ ಮೇಲೆ ಒಂದರ ಹಿಂದೆ ಒಂದು ಸಿಟಿಂಗ್ ಇಡುತ್ತಾರೆ. ಸಂಜೆ, ಶನಿವಾರ ಎಲ್ಲ ನಡೆಯುತ್ತದೆ. ಇಲ್ಲಿನ ಸ್ಟೆನೊಗಳು ಖಾಸಗಿಯವರು. ಸಿಟಿಂಗಿಗೆ ಇಷ್ಟು, ಪುಟಕ್ಕೆ ಇಷ್ಟು ಅಂತ ದುಡ್ಡು. ಎರಡೂ ಪಕ್ಷದವರು ಹಂಚಿಕೊಂಡು ಕೊಡುತ್ತಾರೆ. ಒಳ್ಳೆಯ ಹೆಸರಿದ್ದರೆ ಕೋರ್ಟಿನ ಸಂಬಳಕ್ಕಿಂತ ಜಾಸ್ತಿಯೇ ಬರುತ್ತದೆ. ಆದರೆ ಮೇ ತಿಂಗಳಲ್ಲಿ ಕೆಲಸ ಕಡಿಮೆ, ಪಿಂಚಣಿ ಇಲ್ಲ, ಬಿಲ್ಲಿಗೆ ಕಾಯಬೇಕು. ಕೋರ್ಟಿನ ಕೆಲಸದಲ್ಲಿದ್ದುಕೊಂಡು ಸಂಜೆ ಇದನ್ನು ಮಾಡುತ್ತೇನೆ ಅನ್ನುವಂತಿಲ್ಲ. ಸರ್ಕಾರಿ ನಿಯಮ ಬಿಡುವುದಿಲ್ಲ.

ಲೈವ್ ಕ್ಯಾಪ್ಷನಿಂಗ್‌ಗೆ ಬರೋಣ. ಮಾತು ನಡೆಯುತ್ತಿರುವಾಗಲೇ ಪರದೆಯ ಕೆಳಗೆ ಅಕ್ಷರವಾಗಿ ಬರಬೇಕು. ಕಿವಿ ಕೇಳದವರಿಗೆ ಇದೇ ಆಧಾರ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಶ್ರವಣ ದೋಷ ಇರುವವರು ಐವತ್ತು ಲಕ್ಷ ದಾಟಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಟಿವಿ ಮತ್ತು ಇತರ ಮಾಧ್ಯಮಗಳು ಅವರಿಗೂ ತಲುಪಬೇಕು ಎನ್ನುತ್ತದೆ. 2019ರ ಸೆಪ್ಟೆಂಬರಿನಲ್ಲಿ ಟಿವಿಗೆ ಮಾನದಂಡವೂ ಬಂತು. ಇಷ್ಟಾದರೂ ಲೈವ್ ಕ್ಯಾಪ್ಷನರ್ ಅಂತ ಕಾಯಂ ಹುದ್ದೆ ಇಲ್ಲಿ ಬೆರಳೆಣಿಕೆಯಷ್ಟು. ಕಾರಣ ಸರಳ. ಅಮೆರಿಕದಲ್ಲಿ ಹೊಸ ಇಂಗ್ಲಿಷ್ ಕಾರ್ಯಕ್ರಮಗಳಿಗೆಲ್ಲ ಕ್ಯಾಪ್ಷನ್ ಇರಬೇಕು ಎನ್ನುವ ನಿಯಮ 2006ರಿಂದ ಪೂರ್ತಿ ಜಾರಿಯಲ್ಲಿದೆ. ಅದರ ಮೇಲೆಯೇ ಒಂದು ಕಸುಬು ನಿಂತಿತು. ನಮ್ಮಲ್ಲಿ ವಾಹಿನಿಗಳು ಯಾವುದೋ ಒಂದು ಬುಲೆಟಿನ್‌ಗೆ ಮೂಲೆಯಲ್ಲಿ ಸಂಜ್ಞಾ ಭಾಷೆಯವರನ್ನು ಕೂರಿಸಿ ಮುಗಿಸುತ್ತವೆ. ನನಗೆ ಇದು ಸರಿ ಅನಿಸುವುದಿಲ್ಲ, ಆದರೆ ಮಗಳ ಹೊಟ್ಟೆಪಾಡಿನ ಪ್ರಶ್ನೆ ಇರುವಾಗ ಇರುವುದನ್ನೇ ಹೇಳಬೇಕು.

ಈಗ ಮುಂಬೈ ಪುಣೆಯಲ್ಲಿ ಸಿಗುವ ಕೆಲಸ ಎರಡು ಬಗೆಯದು. ಹೆಚ್ಚಾಗಿ ಸಿಗುವುದು ಲೈವ್ ಅಲ್ಲದ್ದು. ಒಟಿಟಿ ಚಿತ್ರ, ಸರಣಿಗಳಿಗೆ ಸಬ್‌ಟೈಟಲ್ ಮಾಡುವುದು, ಬೇರೆಯವರು ಮಾಡಿದ್ದನ್ನು ತಿದ್ದುವುದು. ಚಿತ್ರದ ನಿಮಿಷಕ್ಕೆ ಇಷ್ಟು ಅಂತ ದುಡ್ಡು. ಕಡಿಮೆ ಸಿಗುವುದು ಲೈವ್. ಕಂಪನಿಗಳ ದೊಡ್ಡ ಸಭೆ, ವಿಶ್ವವಿದ್ಯಾಲಯದ ಉಪನ್ಯಾಸ, ಸಮ್ಮೇಳನ. ಇದರಲ್ಲಿ ಗಂಟೆಗೆ ಲೆಕ್ಕ. ಇಲ್ಲಿ ಬಹಳ ಜನ ಸ್ಟೆನೊ ಯಂತ್ರ ಬಳಸುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳಿದ್ದನ್ನು ತಾವೇ ಸ್ಪಷ್ಟವಾಗಿ, ಪೂರ್ಣವಿರಾಮ ಅಲ್ಪವಿರಾಮ ಸಮೇತ ಮತ್ತೆ ಹೇಳುತ್ತಾರೆ. ಕಂಪ್ಯೂಟರ್ ಆ ದನಿಯನ್ನು ಅಕ್ಷರ ಮಾಡುತ್ತದೆ. ಬಿಬಿಸಿಯಂಥವರೂ ಈ ದಾರಿ ಹಿಡಿದವರೇ. ಕೇಳುತ್ತ, ಹೇಳುತ್ತ, ಕಣ್ಣಲ್ಲಿ ತಪ್ಪು ಹಿಡಿಯುತ್ತ ಕೂರುವುದು ಮಹಾ ಸುಸ್ತಿನ ಕೆಲಸ. ಅರ್ಧ ಗಂಟೆ ಆಗುವ ಮೊದಲೇ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಗುಣಮಟ್ಟ ಅಳೆಯುವ ಎನ್‌ಇಆರ್ ಎನ್ನುವ ಲೆಕ್ಕದಲ್ಲಿ ನೂರಕ್ಕೆ 98 ಬಂದರೆ ಪಾಸು. ಗೋವಾದಲ್ಲಿ ನವೆಂಬರಿನ ಚಿತ್ರೋತ್ಸವ, 2023ರಲ್ಲಿ ಶುರುವಾದ ಪರ್ಪಲ್ ಫೆಸ್ಟ್‌ನಂಥ ಅಂಗವಿಕಲರ ಉತ್ಸವ ನಡೆದಾಗ ಇಂಥವರನ್ನು ಕೇಳುವುದು ಹೆಚ್ಚುತ್ತಿದೆ. ಅದು ಸೀಸನ್ನಿನ ಕೆಲಸ ಅಷ್ಟೇ.

ಅಮೆರಿಕದ ಕೋರ್ಟು ಕೆಲಸವನ್ನು ಮನೆಯಲ್ಲೇ ಕೂತು ಮಾಡಬಹುದಾ ಎನ್ನುವುದು ನಿಮ್ಮ ಮನಸ್ಸಿನಲ್ಲಿರಬಹುದು. ಮುಖ್ಯ ಕೆಲಸ ಆಗುವುದಿಲ್ಲ. ಅಲ್ಲಿ ಹೇಳಿಕೆ ಬರೆಯುವವರು ಸಾಮಾನ್ಯವಾಗಿ ಸಾಕ್ಷಿಗೆ ಪ್ರಮಾಣ ಮಾಡಿಸುವ ಅಧಿಕಾರ ಇರುವವರೂ ಆಗಿರಬೇಕು. ಎಷ್ಟೋ ರಾಜ್ಯಗಳಲ್ಲಿ ಪರವಾನಗಿಯೂ ಬೇಕು. ಇಲ್ಲಿಗೆ ಬರುವುದು ಆಡಿಯೊ ಕೇಳಿ ಟೈಪ್ ಮಾಡುವುದು, ಕರಡು ತಿದ್ದುವುದು. ಎಐ ಮೊದಲು ತಿನ್ನುತ್ತಿರುವುದೂ ಅದನ್ನೇ.

ಎಐ ಬಗ್ಗೆ ಭಯ ಸುಮ್ನೆ ಅಲ್ಲ. 2023ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ, ನಮ್ಮ ಮಹಾರಾಷ್ಟ್ರದ ಶಿವಸೇನೆ ಒಡಕಿನ ಕೇಸಿನಲ್ಲೇ, ವಾದವನ್ನು ಯಂತ್ರದಿಂದ ಅಲ್ಲೇ ಅಕ್ಷರ ಮಾಡುವುದು ಶುರುವಾಯಿತು. ಮಾಡಿದ್ದು ಬೆಂಗಳೂರಿನ ಕಂಪನಿಯ ‘ಟೆರೆಸ್’ ತಂತ್ರಾಂಶ. ಕೇರಳ ಹೈಕೋರ್ಟು ಇನ್ನೂ ಮುಂದೆ ಹೋಗಿ 2025ರ ನವೆಂಬರ್ 1ರಿಂದ ಕೆಳಕೋರ್ಟುಗಳಲ್ಲಿ ಸಾಕ್ಷಿಯ ಹೇಳಿಕೆಯನ್ನು ಎಐ ಮೂಲಕವೇ ದಾಖಲಿಸಬೇಕು ಎಂದು ಆದೇಶ ಮಾಡಿದೆ. ಮಹಾರಾಷ್ಟ್ರವೂ ಆ ಕಡೆಗೇ ಹೋಗುತ್ತದೆ ಎನ್ನುವುದು ನನ್ನ ಅಂದಾಜು.

ಆದರೆ ಠಾಣೆಯ ಒಂದು ಸೆಷನ್ಸ್ ಕೋರ್ಟನ್ನು ನೆನಪಿಸಿಕೊಳ್ಳಿ. ಫ್ಯಾನ್ ಗರಗರ, ಹೊರಗೆ ಹೆಸರು ಕೂಗುವ ಶಿಪಾಯಿ, ಒಂದೇ ವಾಕ್ಯದಲ್ಲಿ ಮರಾಠಿ ಹಿಂದಿ ಇಂಗ್ಲಿಷ್ ಬೆರೆಸುವ ಸಾಕ್ಷಿ. ಮೈಕ್ ಇರುವುದು ಅವನಿಂದ ದೂರ. ‘ಶಿರೋಡ್ಕರ್’ ‘ಶಿರೋಳ್ಕರ್’ ಆದರೆ ಆರೋಪಿಯೇ ಬದಲಾಗುತ್ತಾನೆ. ತಿದ್ದುವ ಕಣ್ಣು ಬೇಕೇ ಬೇಕು. ಅದಲ್ಲದೆ ನ್ಯಾಯಾಧೀಶರ ಸ್ಟೆನೊ ಬರೆದು ಎದ್ದು ಹೋಗುವವರಲ್ಲ. ಆದೇಶವನ್ನು ಇ-ಕೋರ್ಟ್ಸ್ ವ್ಯವಸ್ಥೆಗೆ ಏರಿಸುವುದು, ಹಳೆಯ ತೀರ್ಪಿನ ಉಲ್ಲೇಖ ಸರಿ ನೋಡುವುದು, ನಾಳೆ ಹೇಳಬೇಕಾದ ತೀರ್ಪನ್ನು ಇವತ್ತು ಯಾರಿಗೂ ಬಿಟ್ಟುಕೊಡದಿರುವುದು ಇವೆಲ್ಲ ಅವರ ಮೇಲೆಯೇ. ನನ್ನ ಲೆಕ್ಕದಲ್ಲಿ ಮುಂದೆ ಭರ್ತಿಯಾಗುವ ಹುದ್ದೆಗಳ ಸಂಖ್ಯೆ ಇಳಿಯಬಹುದು. ಒಳಗೆ ಸೇರಿದವರ ಕೆಲಸ ಬದಲಾಗುತ್ತದೆ, ಹೋಗುವುದಿಲ್ಲ. ಹಾಗಾಗಿ ಸೇರುವುದಾದರೆ ಬೇಗ ಸೇರಬೇಕು. 2023ರ ಭರ್ತಿಯಲ್ಲಿ ಸಾಮಾನ್ಯ ವರ್ಗದ ವಯೋಮಿತಿ 38 ಇತ್ತು. ಅಷ್ಟು ವರ್ಷ ಇದೆಯಲ್ಲ ಅಂತ ನಿಧಾನ ಮಾಡಬೇಡಿ.

ಕೊನೆಗೆ ಆ 85,000 ರೂಪಾಯಿ. ಕೊಡಬೇಡಿ. ಅವರು ಕಲಿಸುವ ಯಂತ್ರಕ್ಕೆ ಇಲ್ಲಿನ ಕೋರ್ಟಿನಲ್ಲಿ ಜಾಗ ಇಲ್ಲ, ಅಲ್ಲಿನ ಕೋರ್ಟಿಗೆ ಹೋಗಲು ಅವರ ಸರ್ಟಿಫಿಕೇಟು ಸಾಲುವುದಿಲ್ಲ. ಮಗಳಿಗೆ ಆ ಯಂತ್ರದ ಮೇಲೆ ನಿಜವಾಗಿ ಆಸೆಯಿದ್ದರೆ ‘ಪ್ಲೋವರ್’ ಎನ್ನುವ ಉಚಿತ ತಂತ್ರಾಂಶ ಇದೆ. ಹಲವು ಕೀಲಿ ಒಟ್ಟಿಗೆ ಒತ್ತಿದರೂ ಎಲ್ಲವನ್ನೂ ಗುರುತಿಸುವ ಕೀಬೋರ್ಡ್ ಒಂದಿದ್ದರೆ ಮನೆಯಲ್ಲೇ ಕಲಿಯಬಹುದು. ರಾತ್ರಿ ಅರ್ಧ ಗಂಟೆ ಅದಕ್ಕೆ ಕೊಡಲಿ. ಹಗಲು ಹೊತ್ತು ಜಿಸಿಸಿ ಮಾನ್ಯತೆ ಇರುವ ಮಾಮೂಲಿ ಇನ್‌ಸ್ಟಿಟ್ಯೂಟಿಗೆ ಕಳಿಸಿ. ಶುಲ್ಕ ಇದರ ಪಕ್ಕದಲ್ಲಿ ಏನೂ ಅಲ್ಲ. ಇಂಗ್ಲಿಷ್ ಮತ್ತು ಮರಾಠಿ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ, ಗೆರೆಗಳು ಕಲಸಿಹೋಗುತ್ತವೆ. ಇಂಗ್ಲಿಷ್ 60 ಮುಟ್ಟಿದ ಮೇಲೆ ಮರಾಠಿ ಹಿಡಿಯಲಿ. 80ರಲ್ಲಿ ಎಲ್ಲರೂ ತಿಂಗಳುಗಟ್ಟಲೆ ನಿಂತುಬಿಡುತ್ತಾರೆ. ಆಗ ಮನೆಯಲ್ಲಿ ಯಾರಾದರೂ ದಿನಾ ಪೇಪರ್ ಓದಿ ಡಿಕ್ಟೇಷನ್ ಕೊಟ್ಟರೆ ಬಹಳ ಉಪಕಾರ. ಮಾವ ಇದ್ದರೆ ಅವರೇ ಕೂರಲಿ. ಗಡಿಯಾರ ಇಟ್ಟುಕೊಂಡು ಓದಲು ಹೇಳಿ. ಹಳಬರು ಮೊಮ್ಮಕ್ಕಳಿಗೆ ಓದುವಾಗ ತಮಗೇ ಗೊತ್ತಿಲ್ಲದೆ ನಿಧಾನ ಮಾಡುತ್ತಾರೆ.